ಗೋಡೆಯಾಚೆಯ ಪಿಕ್ಚರ್

ಮಾರ್ಚ್ 3, ಸಂಜೆ

ಇವತ್ತೂ ಆಂಪ್ಲಿಫೈಯರ್ ಸಿಗಲಿಲ್ಲ. ‘ನಾಳೆ ಬಾ’ ಅನ್ನುವುದೇ ರೇಡಿಯೊ ರಿಪೇರಿಯವನ ಕಸುಬು. ಗುಜರಿಯಲ್ಲಿ ಇನ್ನೆರಡು ಸ್ಪೀಕರ್ ಸಿಕ್ಕವು, ಒಟ್ಟು ಐದಾಯಿತು. ಒಂದರ ಮುಂದಿನ ಬಟ್ಟೆ ಹರಿದಿದೆ. ಹೊಲಿದರಾಯಿತು, ನನ್ನ ಕಸುಬೇ ಅದು.

ಅಮ್ಮನ ಕಣ್ಣು ಇನ್ನಷ್ಟು ಮಂಜಾಗಿದೆ. ಡಾಕ್ಟರು ಕೈಚೆಲ್ಲಿದರು. ಇಪ್ಪತ್ತೆರಡು ವರ್ಷ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತವಳು, ಒಳಗೆ ಹೋಗಿ ಒಂದೂ ಪಿಕ್ಚರ್ ಪೂರ್ತಿ ನೋಡಲಿಲ್ಲ. ಸ್ಕೂಲು ಬಿಟ್ಟಮೇಲೆ ನಾನೂ ಅಲ್ಲೇ, ಅವಳ ಕಾಲ ಬಳಿ ಕೂತು ಮಗ್ಗಿ ಬರೆಯುತ್ತಿದ್ದೆ. ಈಗ ಕಿವಿಗಾದರೂ ಒಂದು ಇಡೀ ಪಿಕ್ಚರ್ ಕೊಡಬೇಕು... ಅದೇ ಹಟ.

ಮಾರ್ಚ್ 9

ಆಂಪ್ಲಿಫೈಯರ್ ಬಂತು! ವೈರು ಎಳೆದೆಳೆದು ಸೊಂಟ ಬಿತ್ತು. ಐದರಲ್ಲಿ ದೊಡ್ಡದಾದ ಬೇಸ್ ಡಬ್ಬ ಹೊಲಿಗೆ ಮೆಷಿನ್ ಕೆಳಗೆ. ಟೀವಿಯಲ್ಲಿ ಒಂದು ಪಿಕ್ಚರ್ ಹಾಕಿದರೆ ಹೀರೋ ಕೊಡದೊಳಗಿಂದ ಮಾತಾಡಿದ ಹಾಗಿತ್ತು. ಅಮ್ಮ ಅಡುಗೆಮನೆಯಿಂದಲೇ ಅಂದಳು, “ಎಡಗಡೇದು ಉಲ್ಟಾ ಕೊಟ್ಟಿದೀಯ ನೋಡೇ.”

ಪ್ಲಸ್ಸು ಮೈನಸ್ಸು ಅದಲುಬದಲು! ಟಾಕೀಸಿನಲ್ಲೂ ಒಮ್ಮೆ ಹೀಗಾದಾಗ ಆಪರೇಟರನಿಗೆ ಹೇಳಿದ್ದೇ ಇವಳಂತೆ. ಹೊರಗೆ ಕೂತುಕೊಂಡು!

ಮಾರ್ಚ್ 10, ಭಾನುವಾರ

ಅವಳ ಕಾಲದ ಪಿಕ್ಚರ್ ಹಾಕಿ ಸರಿಯಾಗಿ ನಡುವೆ ಕುರ್ಚಿ ಇಟ್ಟೆ. ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದಳು. ಇಪ್ಪತ್ತು ನಿಮಿಷಕ್ಕೆ ಎದ್ದಳು. ಚೆನ್ನಾಗಿದೆ ಅಂದಳು. ಒಪ್ಪಿಗೆಯಾಗದ ಅಂಗಿಗೆ ಗಿರಾಕಿಗಳು ಹೀಗೇ ಅನ್ನುವುದು.

ಸಿಟ್ಟು ಬಂತು. ಆಮೇಲೆ ಅಳು. ಇಷ್ಟು ದಿನದ ಓಡಾಟ ಮಣ್ಣುಪಾಲು.

ಮಾರ್ಚ್ 17, ಭಾನುವಾರ

ಒಂದು ವಾರ ಅದನ್ನು ಮುಟ್ಟಿರಲಿಲ್ಲ. ಇವತ್ತು ಹೊಲಿಯುತ್ತಾ ಬೇಜಾರಾಗಿ ಅದೇ ಪಿಕ್ಚರ್ ಹಾಕಿಕೊಂಡೆ. ಅಮ್ಮ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿತ್ತು. ಗಲಾಟೆಯಾಯಿತೇನೋ ಎಂದು ಇಣುಕಿದರೆ — ಸ್ಟೂಲಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಮುಖದ ತುಂಬ ನಗು. ಟಿಕೆಟ್ ಹರಿಯುವ ಹಾಗೆ ಬೆರಳುಗಳು ಆಡುತ್ತಿವೆ.

“ಬಾಗ್ಲು ಹಾಕೇ. ನಂಗೆ ಹಿಂಗೇ ಕೇಳ್ತಿದ್ದಿದ್ದು. ಈಗ ಹೀರೋಯಿನ್ನು ಬಸ್ ಹತ್ತಿ ಹೋಗ್ಬಿಡ್ತಾಳೆ. ಜನ ಎಲ್ಲಾ ಸುಮ್ನಾಗ್ತಾರೆ... ಒಬ್ರೂ ಕೆಮ್ಮಲ್ಲ.”

ಎಂಥ ದಡ್ಡಿ ನಾನು. ಅಷ್ಟೂ ಪಿಕ್ಚರ್ ಗೋಡೆ ದಾಟಿ ಅವಳಿಗೆ ಬಂದಿವೆ. ನಾನೂ ಅಲ್ಲೇ ಇದ್ದೆನಲ್ಲ, ಹೇಗೆ ಮರೆತೆ? ಬಾಗಿಲು ಹಾಕಿ ಬಂದೆ. ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದೆ.

ಮಾರ್ಚ್ 24, ಭಾನುವಾರ, ಮಧ್ಯಾಹ್ನ ಎರಡೂವರೆ

ಐದೂ ಡಬ್ಬಗಳನ್ನು ಗೋಡೆಗೆ ತಿರುಗಿಸಿಟ್ಟೆ. ರಿಪೇರಿಯವನು ಕಂಡರೆ ತಲೆ ಚಚ್ಚಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ಪಿಕ್ಚರ್ ಒಂದೇ, ಯಾರೂ ಇಲ್ಲ. ಈ ಕೋಣೆಯಲ್ಲಿ ಅಮ್ಮ ಸ್ಟೂಲಿನ ಮೇಲೆ, ನಾನು ಅವಳ ಕಾಲ ಬಳಿ. ಮಗ್ಗಿಯ ಬದಲು ಇದನ್ನು ಬರೆಯುತ್ತಿದ್ದೇನೆ. ಬೆನ್ನಿಗೆ ಗೋಡೆ ಸಣ್ಣಗೆ ನಡುಗುತ್ತಿದೆ. ಅಮ್ಮ ಕಾಲಿನಿಂದ ತಿವಿದಳು.

“ಪೆನ್ನು ಇಡೇ. ಬಸ್ ಬಂತು.”

ಹೌದು, ಇದೇ ಸದ್ದು. ಏಳರ ಮಗ್ಗಿ ಬರೆಯುವಾಗ —