ಮುಳ್ಳು ಗೆರೆಯ ಮೇಲೆಯೇ ಇತ್ತು

ಮೂಡುಬಿದಿರೆ
2-8-2009, ಆದಿತ್ಯವಾರ

ಪ್ರೀತಿಯ ತಮ್ಮ ಬಾಸಿತ್‌ಗೆ ಅಕ್ಕ ಸಮೀನಾಳ ಸಲಾಂ.

ವಾರಕ್ಕೆರಡು ಸಲ ಫೋನಿನಲ್ಲಿ ಸಿಗುವವಳು ಕಾಗದ ಬರೆದಿದ್ದಾಳೆಂದರೆ ನಿನ್ನ ಎದೆ ಈಗಲೇ ಧಸಕ್ಕೆಂದಿರಬೇಕು. "ಇಲ್ಲಿ ಎಲ್ಲರೂ ಕ್ಷೇಮ" ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅಲ್ಲಿ ನಿನ್ನ ರೂಮಿನಲ್ಲಿ ಆರು ಜನ, ಇಲ್ಲಿ ಗೋಡೆಯಾಚೆ ಉಮ್ಮ. ಗುರುವಾರ ಮಹಮ್ಮದ್ ಕುಂಞಿ ರಜೆ ಮುಗಿಸಿ ಸೌದಿಗೆ, ನಿನ್ನ ಜುಬೈಲಿಗೇ ಹೊರಡುತ್ತಾನೆ. ಮಾವಿನ ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಕೊನೆಯವರೆಗೆ ಓದದೆ ಫೋನ್ ಎತ್ತಬೇಡ.

ಜೂನ್ ಕೊನೆಗೆ ಉಮ್ಮ ಆಸ್ಪತ್ರೆ ಸೇರಿದ್ದು ಸಕ್ಕರೆ ಕಡಿಮೆಯಾಗಿ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಸಕ್ಕರೆ ಸರಿಯಾಗಿಯೇ ಇತ್ತು. ನೀನು ಹಾಕಿಸಿಕೊಟ್ಟ ಪೆಲೆಟ್ ಒಲೆಯ ಕೆಟ್ಟ ಗಾಳಿ ಕುಡಿದು ಅವರು ಬಿದ್ದದ್ದು.

ಐದು ವಾರ ಈ ಮಾತನ್ನು ನುಂಗಿಕೊಂಡಿದ್ದೆ, ಇನ್ನೂ ನುಂಗುತ್ತಿದ್ದೆನೋ ಏನೋ. ಆದರೆ ಮೊನ್ನೆ ನೀನು ಬಹಳ ಖುಷಿಯಲ್ಲಿ ಹೇಳಿದೆ: ನರಿಕೊಂಬಿನ ಮೊಯಿದಿನಬ್ಬ ರಂಝಾನ್ ನೋಂಬಿನ ತಿಂಗಳಿಗೆ ಗಂಜಿ, ಸಮೋಸ ಮಾಡಿಸಲು ನಮ್ಮಂಥದ್ದೇ ಒಲೆ ತರಿಸಿದ್ದಾನೆ, ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕೆಂದು ಅವನಿಗೆ ಫೋನಿನಲ್ಲೇ ಹೇಳಿಕೊಟ್ಟೆ ಎಂದು. ನೋಂಬಿನ ಮೊದಲ ದಿನ ಆ ಒಲೆ ಹಚ್ಚುತ್ತಾರೆ. ಅದಕ್ಕೆ ಇನ್ನು ಮೂರು ವಾರ. ಆ ಅಡುಗೆಮನೆಯಲ್ಲಿ ನಿಲ್ಲುವವರು ಅವನ ಹೆಂಡತಿ ಮತ್ತು ಇಬ್ಬರು ಸೊಸೆಯಂದಿರು, ಒಬ್ಬಳಿಗೆ ಆರು ತಿಂಗಳು.

ಏಪ್ರಿಲಿನಲ್ಲಿ ನೀನು ರಜೆಗೆ ಬಂದದ್ದನ್ನು ಸ್ವಲ್ಪ ನೆನಪು ಮಾಡಿಕೋ. ಕಾಲೇಜು ಹುಡುಗರಿಗೆ ದಿನಾ ಕೊಡುವ ಅರುವತ್ತು ಟಿಫಿನ್‌ಗೆ ಉಮ್ಮ ಸೌದೆ ಒಲೆಯ ಮುಂದೆ ಕೆಮ್ಮುವುದನ್ನು ನೋಡಿ ನಿನಗೆ ತಡೆಯಲಿಲ್ಲ. ಅಷ್ಟು ದೊಡ್ಡ ಒಲೆ, ಗೋಡೆ ತೂರಿ ಹೋಗುವ ಹೊಗೆ ಕೊಳವೆ, ಮೇಲೊಂದು ಎಕ್ಸಾಸ್ಟ್ ಫ್ಯಾನ್, ಮರದ ಹುಡಿ ಒತ್ತಿ ಮಾಡಿದ ಪೆಲೆಟ್ ಗುಳಿಗೆಯ ಹತ್ತು ಚೀಲ, ಎಲ್ಲ ಬಂತು. ಜುಬೈಲಿನ ಪೆಟ್ಟಿಗೆಯಿಂದ ನೀನು ಆ ಗೇಜು ಹೊರತೆಗೆದಾಗ ನಾನು ಇದೇನು, ಒಲೆಗೆ ಬಿ.ಪಿ. ನೋಡುತ್ತೀಯಾ ಎಂದು ಕೇಳಿದ್ದೆ. ನೀನು ನಗಲಿಲ್ಲ. ಕಂಪೆನಿಯಲ್ಲಿ ಹತ್ತು ವರ್ಷ ಗೇಜು ನೋಡಿದವನು, ತಮಾಷೆ ಹೇಗೆ ಗೊತ್ತಾಗಬೇಕು.

ಅದರ ರಬ್ಬರ್ ನಳಿಗೆಯನ್ನು ಒಲೆಯ ಹಿಂಬದಿಯ ತೂತಿಗೆ ಸಿಕ್ಕಿಸಿದೆ. ಕೊಳವೆ ಎಷ್ಟು ಜೋರಾಗಿ ಗಾಳಿ ಎಳೆಯುತ್ತದೆಂದು ಮುಳ್ಳು ತೋರಿಸುತ್ತದೆ ಅಂದೆ. ಒಲೆಯೊಳಗೆ ಗಾಳಿ ಬಿಡುವ ತಗಡಿನ ಮುಚ್ಚಳ, ನಿನ್ನ ಬಾಯಲ್ಲಿ ಡ್ಯಾಂಪರ್, ಅದನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತ ಅರ್ಧ ದಿನ ಕೂತೆ. ಕೊನೆಗೆ ನನ್ನ ನೇಲ್ ಪಾಲಿಶ್ ಕೇಳಿ ಪಡೆದು ಗೇಜಿನ ಗಾಜಿನ ಮೇಲೆ ಕೆಂಪು ಗೆರೆ ಎಳೆದೆ. "ಅಕ್ಕ, ಮುಳ್ಳು ಈ ಗೆರೆ ಬಿಟ್ಟು ಇಳಿಯಬಾರದು. ಇಳಿದರೆ ಡ್ಯಾಂಪರ್ ಸ್ವಲ್ಪ ಒಳಗೆ ದೂಡು, ಮೇಲೆ ಬರ್ತದೆ. ಇಷ್ಟೇ ಕೆಲಸ" ಎಂದೆ. ನಾನು ಬಾಗಿಲ ಮರೆಯಿಂದ ತಲೆಯಾಡಿಸಿದೆ.

ಅವತ್ತು ಆ ಅಡುಗೆಮನೆಯಲ್ಲಿ ಯಾರಿದ್ದರು, ಹೇಳು. ನೀನು ಮತ್ತು ತಗಡಿನ ಕೆಲಸದ ಲೋಕನಾಥ. ಹೊರಗಿನ ಗಂಡಸು ಒಳಗೆ ಬಂದನೆಂದು ಉಮ್ಮ ಮತ್ತು ನಾನು ಒಳಕೋಣೆಗೆ ಹೋಗಿದ್ದೆವು. ನೀವಿಬ್ಬರು ಸೆಕೆ ಸೆಕೆ ಎನ್ನುತ್ತ ರಸ್ತೆ ಬದಿಯ ಕಿಟಿಕಿ, ಹಿತ್ತಿಲ ಬಾಗಿಲು ಎಲ್ಲವನ್ನೂ ತೆರೆದಿಟ್ಟುಕೊಂಡು ಮುಳ್ಳು ನೋಡಿದಿರಿ. ನೀವು ಹೊರಗೆ ಹೋದ ಮೇಲೆ ಉಮ್ಮ ಮಾಡಿದ ಮೊದಲ ಕೆಲಸ ಆ ಕಿಟಿಕಿ ಮುಚ್ಚಿದ್ದು. ಟಿಫಿನ್‌ಗೆ ಬರುವ ಹುಡುಗರು ನಿಲ್ಲುವುದು ಅದರ ಮುಂದೆಯೇ ಅಲ್ಲವಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಬಟ್ಟೆ ತೆಗೆದಿಟ್ಟು ಕೆಲಸ ಮಾಡಬೇಕಾದವರಿಗೆ ಕಿಟಿಕಿ ಮುಚ್ಚದೆ ಆಗುವುದಿಲ್ಲ. ಬೇಸಗೆ ಪೂರ್ತಿ ಹಿತ್ತಿಲ ಬಾಗಿಲಾದರೂ ತೆರೆದಿರುತ್ತಿತ್ತು. ಜೂನಿನಲ್ಲಿ ಮಳೆಯ ಎರಚಲು ಹಿಟ್ಟಿನ ಪಾತ್ರೆಗೇ ಬೀಳತೊಡಗಿ ಅದನ್ನೂ ಮುಚ್ಚಿದೆವು. ಹೆಂಗಸರಿಲ್ಲದ ಅಡುಗೆಮನೆಗೆ ನೀನು ಒಲೆ ಸರಿಮಾಡಿ ಹೋಗಿದ್ದೆ, ಬಾಸಿತ್. ನಾವು ಒಳಗೆ ಬಂದ ಮೇಲೆ ಅದು ಬೇರೆಯೇ ಅಡುಗೆಮನೆ.

ಎಲ್ಲವನ್ನೂ ನಿನ್ನ ತಲೆಗೆ ಕಟ್ಟುತ್ತೇನೆಂದು ತಿಳಿಯಬೇಡ. ಬರೆಯಲು ಕಷ್ಟವಾಗುವ ಭಾಗ ಇನ್ನು ಮುಂದಿನದು.

ಬಾಗಿಲು ಮುಚ್ಚಿದ ಮೊದಲ ದಿನವೇ ಮುಳ್ಳು ಗೆರೆಯಿಂದ ಕೆಳಗಿಳಿಯಿತು. ನಾನು ನೋಡಿದೆ. ನೀನು ಹೇಳಿದ ಹಾಗೆ ಡ್ಯಾಂಪರನ್ನು ಸ್ವಲ್ಪ ಒಳಗೆ ದೂಡಿದೆ, ಮುಳ್ಳು ಏರಿತು. ಮರುದಿನ ಮತ್ತೆ ಇಳಿಯಿತು, ಮತ್ತೆ ದೂಡಿದೆ. ಕೋಣೆಯೊಳಗೆ ಹೊಸ ಗಾಳಿ ಬರಲು ದಾರಿಯಿಲ್ಲದೆ, ಮೇಲಿನ ಫ್ಯಾನು ಕೊಳವೆಯ ಗಾಳಿಯನ್ನೇ ಹಿಂದಕ್ಕೆ ಎಳೆಯುತ್ತಿತ್ತು. ಅದರ ಮೇಲೆ ನಾನು ದಿನಾ ಡ್ಯಾಂಪರ್ ದೂಡಿ ಒಲೆಗೆ ಹೋಗುವ ಗಾಳಿಯನ್ನೂ ಕಟ್ಟಿ ಬೆಂಕಿಯ ಕತ್ತು ಒತ್ತುತ್ತಿದ್ದೆ; ಮುಳ್ಳು ಏರುತ್ತಿದ್ದುದು ಅದಕ್ಕೇ. ಉರಿ ಹಳದಿಯಾಗಿ ಸೋಮಾರಿಯ ಹಾಗೆ ಮಲಗುತ್ತಿತ್ತು. ಮಳೆಗೆ ಗುಳಿಗೆ ತಂಪು ಹಿಡಿದಿದೆ ಎಂದುಕೊಂಡೆ. ನನಗೆ ಮುಳ್ಳಿನದೇ ಚಿಂತೆ. ಜುಬೈಲಿನ ತಮ್ಮ ಎಳೆದ ಗೆರೆಯನ್ನು ಎಷ್ಟು ಚೆನ್ನಾಗಿ ಕಾಯುತ್ತಿದ್ದೇನೆಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಪದ್ಮಾಕ್ಷಿ ನಿನಗೆ ಗೊತ್ತಲ್ಲ, ತೆಂಗಿನಕಾಯಿ ತುರಿಯಲು, ಕಡೆಯಲು ಬರುವವಳು. ಒಂದು ವಾರದಿಂದ ಅವಳು ಹೇಳುತ್ತಲೇ ಇದ್ದಳು: "ಸಮೀನಕ್ಕ, ಇಲ್ಲಿ ನಿಂತ್ರೆ ನನಗೆ ತಲೆ ಸಿಡಿತದೆ. ಮನೆಗೆ ಹೋದ್ರೆ ಬಿಡ್ತದೆ. ಈ ಒಲೆಯಲ್ಲಿ ಎಂಥದೋ ಉಂಟು." ಹೊಗೆ ಇಲ್ಲ, ವಾಸನೆ ಇಲ್ಲ, ಏನು ಇರುವುದು ಎಂದು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕಂತೆ ಎಂದೂ ಅಂದೆ. ಆ ಮಾತಿಗೆ ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ ಉಮ್ಮ ಸುಬಹಿ ನಮಾಝ್ ಮುಗಿಸಿ ಒಬ್ಬರೇ ಅಕ್ಕಿಹಿಟ್ಟಿನ ಪತ್ತಿರಿ ಬೇಯಿಸಲು ಕೂತರು. ನಾನು ಮಹಡಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ಏಳು ಗಂಟೆಗೆ ಪದ್ಮಾಕ್ಷಿ ಕೂಗಿದಳು. ನಾನು ಇಳಿದು ಬರುವಷ್ಟರಲ್ಲಿ ಅವಳು ಉಮ್ಮನ ಎರಡೂ ತೋಳು ಹಿಡಿದು ಹಿತ್ತಿಲಿಗೆ ಎಳೆದು ತಂದಿದ್ದಳು, ಇಬ್ಬರೂ ಮಳೆಯಲ್ಲಿ. ಉಮ್ಮನ ಮುಖ ಕೆಂಪಗಿತ್ತು, ಆರೋಗ್ಯ ಇರುವವರ ಹಾಗೆ. ಕರೆದರೆ ಕಣ್ಣು ಬಿಡಲಿಲ್ಲ. ನಾನು ಗ್ಯಾಸ್ ಏನಾದರೂ ಸೋರಿದೆಯೋ ಎಂದು ಒಳಗೆ ಓಡಿ ನೋಡಿದೆ. ಒಲೆಯ ಕಡೆ ತಿರುಗಿ ನೋಡಿದ್ದು ಒಂದೇ ಒಂದು ಸಲ. ಮುಳ್ಳು ಗೆರೆಯ ಮೇಲೆಯೇ ಇತ್ತು.

ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ, ಬಾಗಿಲು ಮುಚ್ಚಿಕೊಂಡು ಏನನ್ನಾದರೂ ಉರಿಸುತ್ತಿದ್ದಿರಾ ಎಂದು. ಆಕ್ಸಿಜನ್ ಹಾಕಿ ನಾಲ್ಕು ದಿನ ಇಟ್ಟುಕೊಂಡರು. ಉಮ್ಮನಿಗೆ ಎಚ್ಚರ ಬಂದು ಮೊದಲು ಹೇಳಿದ್ದೇ, ಬಾಸಿತ್‌ಗೆ ಹೇಳಬೇಡ, ಅವನು ಕೈಯಾರೆ ಮಾಡಿಕೊಟ್ಟದ್ದು ಎಂದು. ಅವರಿಗೂ ಹದಿನೈದು ದಿನದಿಂದ ತಲೆನೋವು ಇತ್ತಂತೆ. ಮಗ ಹೊಗೆ ತಪ್ಪಿಸಲು ತಂದ ಒಲೆಯ ಮೇಲೆ ದೂರು ಹೇಳುವುದು ಹೇಗೆಂದು ಸುಮ್ಮನಿದ್ದರಂತೆ. ಅವರ ಆ ಮಾತಿಗೆ ಕಟ್ಟುಬಿದ್ದು ನಾನು ನಿನಗೆ ಸಕ್ಕರೆಯ ಕಥೆ ಕಟ್ಟಿದೆ.

ಆಮೇಲೆ ಪದ್ಮಾಕ್ಷಿ ಮತ್ತು ನಾನು ಒಂದು ದಿನ ಪರೀಕ್ಷೆ ಮಾಡಿದೆವು. ಡ್ಯಾಂಪರನ್ನು ನೀನಿಟ್ಟ ಜಾಗದಲ್ಲೇ ಇಟ್ಟು, ಎಲ್ಲ ತೆರೆದು ಒಲೆ ಹಚ್ಚಿದರೆ ಮುಳ್ಳು ಗೆರೆಯ ಮೇಲೆ. ಕಿಟಿಕಿ, ಬಾಗಿಲು ಮುಚ್ಚಿ ಫ್ಯಾನ್ ಹಾಕಿದರೆ ಅರ್ಧಕ್ಕೆ ಇಳಿಯಿತು. ಮೂರು ಸಲ ಹಾಗೇ ಆಯಿತು. ಹೊರಗಿನಿಂದ ಕಿಟಿಕಿಯ ಗಾಜಿನಲ್ಲಿ ಇಣುಕಿ ನೋಡಿದೆವು, ಹೆದರಬೇಡ. ಈಗ ಹಿತ್ತಿಲ ಶೆಡ್ಡಿನಲ್ಲಿ ಸೌದೆ ಒಲೆಯೇ. ಪದ್ಮಾಕ್ಷಿಯ ಕಾಲು ಹಿಡಿಯಲು ಹೋದೆ, ಅವಳು ಹಿಡಿಯಗೊಡಲಿಲ್ಲ.

ಶುಕ್ರವಾರ ಬಸ್ಸು ಹತ್ತಿ ನರಿಕೊಂಬಿಗೂ ಹೋಗಿ ಬಂದೆ. ಮೊಯಿದಿನಬ್ಬ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟ. ನನ್ನ ಮಾತು ಪೂರ್ತಿ ಕೇಳಿ, "ಬಾಸಿತ್ ಹೇಳಿದಲ್ಲಿಗೇ ಮುಳ್ಳು ಉಂಟು. ನಿನ್ನೆಯೇ ಹಚ್ಚಿ ನೋಡಿದ್ದೇನೆ. ನೀನು ಹೆದರಿದ್ದಿ, ಅಷ್ಟೇ" ಎಂದ. ಹಚ್ಚಿ ನೋಡುವಾಗ ಹೆಂಗಸರು ಎಲ್ಲಿದ್ದರು ಎಂದು ಕೇಳಿದೆ. ನೆಂಟರ ಮನೆಗೆ ಹೋಗಿದ್ದರಂತೆ. ಎಷ್ಟು ಹೇಳಿದರೂ ಅವನಿಗೆ ಗೇಜಿನ ಮೇಲೆ ಇರುವ ನಂಬಿಕೆ ನನ್ನ ಮೇಲೆ ಬರಲಿಲ್ಲ. ನೀನು ಹೇಳಿದರೆ ಮಾತ್ರ ಕೇಳುತ್ತಾನೆ.

ಹಾಗಾಗಿ ಇದನ್ನು ಓದಿದ ಕೂಡಲೇ ಮೊದಲು ಅವನಿಗೆ ಫೋನ್ ಮಾಡು, ಆಮೇಲೆ ನನಗೆ. ಗೋಡೆಯ ಬುಡದಲ್ಲಿ ಮುಚ್ಚಲಾಗದ ಹಾಗೆ ಒಂದು ಗಾಳಿಕಿಂಡಿ ಒಡೆಯಲಿ. ಹೆಂಗಸರು ದಿನಾ ಹೇಗೆ ಮುಚ್ಚಿಕೊಂಡು ಕೆಲಸ ಮಾಡುತ್ತಾರೋ ಹಾಗೇ ಮುಚ್ಚಿ, ಫ್ಯಾನ್ ಹಾಕಿ, ಆಮೇಲೆ ಮುಳ್ಳು ನೋಡಲಿ. ಇಳಿದರೆ ಡ್ಯಾಂಪರ್ ದೂಡುವುದಲ್ಲ, ಒಲೆ ಆರಿಸಿ ಹೊರಗೆ ಬರಬೇಕು. ತಪ್ಪಾಯಿತೆಂದು ಅವನ ಮುಂದೆ ಹೇಳಲು ನಿನಗೆ ನಾಚಿಕೆಯಾದರೆ ನನ್ನ ಹೆಸರೇ ಹೇಳು. ಅಕ್ಕ ಡ್ಯಾಂಪರ್ ತಿರುಗಿಸಿ ಕೆಡಿಸಿದಳು ಎನ್ನು. ಅದು ಅರ್ಧ ನಿಜವೂ ಹೌದು.

ನಿನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಬೇಡ. ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಇದೆ. ಉಮ್ಮ ನಡೆದಾಡುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ. ನಿನಗೆ ಸಲಾಂ ಹೇಳಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅಕ್ಕ,
ಸಮೀನಾ

ತಾ.ಕ.: ಉಮ್ಮ ಸಲಾಂ ಹೇಳಿದ್ದಾರೆಂದು ಬರೆದದ್ದನ್ನು ಹೊಡೆದು ಹಾಕಲು ಕೈ ಬರಲಿಲ್ಲ, ಆದರೆ ಅದೂ ಸುಳ್ಳು. ಆಸ್ಪತ್ರೆಯಿಂದ ಬಂದು ಎರಡು ವಾರ ಚೆನ್ನಾಗಿದ್ದರು. ಆಮೇಲೆ ಒಂದೊಂದಾಗಿ ಮರೆಯತೊಡಗಿದರು, ಮೊದಲು ಉಪ್ಪಿನ ಡಬ್ಬ ಎಲ್ಲಿದೆಯೆಂದು, ಆಮೇಲೆ ನಮಾಝಿನ ರಕಾತ್ ಎಷ್ಟೆಂದು. ಈ ಗಾಳಿ ಕುಡಿದ ಕೆಲವರಿಗೆ ತಡವಾಗಿ ಹೀಗಾಗುವುದುಂಟು, ಕೆಲವರಿಗೆ ಮೆಲ್ಲಗೆ ಸರಿಯಾಗುತ್ತದೆ ಎನ್ನುತ್ತಾರೆ ಡಾಕ್ಟರ್. ನೀನು ಫೋನ್ ಮಾಡಿದಾಗಲೆಲ್ಲ ನಮಾಝಿನಲ್ಲಿದ್ದಾರೆ, ಮಲಗಿದ್ದಾರೆ ಎಂದು ನಾನು ಹೇಳುತ್ತಿದ್ದುದು ಅದಕ್ಕೇ. ರಜೆ ಕೊಟ್ಟರೆ ಬಾ. ಇವತ್ತು ಬೆಳಿಗ್ಗೆ ಅವರ ಪಕ್ಕ ಕೂತು, ಬಾಸಿತ್‌ಗೆ ಬರೆಯುತ್ತಿದ್ದೇನೆ, ಏನು ಬರೆಯಲಿ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಒಳ್ಳೆ ಹೆಸರು. ಯಾರ ಮಗ?" ಎಂದರು.