ಖಾಲಿ ಡಬ್ಬಿಗಳ ಹೆದ್ದಾರಿಯಿಂದ

ಧೂಳಿನ ಶಕೆ ನೂರ ಹನ್ನೆರಡು, ಮರುವೈಶಾಖದ ಹಿಂದಿನ ದಿನ
ಬೆಣ್ಣೆಹಳ್ಳದ ಈಚೆ ದಂಡೆ

ನಮಗಿಂತ ಮೊದಲು ಉಸಿರಾಡಿದವರೇ,

ಈ ತೇದಿ ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ವೈಶಾಖ ಮುಗಿದರೂ ಬಿಸಿಲು ಮುಗಿಯದಂತಾದಾಗ ನಮ್ಮ ಮುತ್ತಜ್ಜಂದಿರು ವರ್ಷಕ್ಕೆ ಇನ್ನೊಂದು ತಿಂಗಳನ್ನು ಸೇರಿಸಿ ಅದನ್ನು ಮರುವೈಶಾಖ ಎಂದು ಕರೆದರು. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಶಬ್ದಗಳು ಬಂದರೆ ಕ್ಷಮಿಸಿ. ನಿಮ್ಮ ಶಬ್ದಗಳೂ ನನಗೆ ಹಾಗೆಯೇ ಇದ್ದವು. ಮೈಲೇಜ್ ಎಂದರೇನು, ಪಿಕಪ್ ಎಂದರೇನು ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ತಿಳಿದ ಮೇಲೆ, ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಈ ಕಾಗದ ನಿಮ್ಮನ್ನು ತಲುಪದು ಎಂಬುದು ನನಗೆ ಗೊತ್ತು. ಇವತ್ತು ಬೆಳಗ್ಗೆ ನನ್ನ ತಂಗಿ ಇಂದ್ರವ್ವ ಈ ಊರು ಬಿಟ್ಟು ಹೋದಳು. ಅವಳು ಹೋದ ದಾರಿಯನ್ನು ನೋಡುತ್ತ ನಾನು ನಿಮ್ಮನ್ನು ಶಪಿಸುತ್ತ ನಿಂತಿದ್ದಾಗ, ನಮ್ಮ ಹಿರಿಯಳಾದ ಹುಸೇನಬಿ ಬಂದು ಹೇಳಿದಳು: “ಬೈಯೂದಿದ್ರ ಬರದು ಬೈ, ನಮ್ಮವ್ವಾ. ಬಾಯಿಲೆ ಬೈದ್ರ ಅವರಿಗೆಲ್ಲಿ ಕೇಳತೈತಿ? ನಮಗ ಕೇಳತೈತಿ, ನಮಗ ತಲಿನೋವು.” ಆದ್ದರಿಂದ ಬರೆಯುತ್ತಿದ್ದೇನೆ.

ಮರುವೈಶಾಖದಲ್ಲಿ ನಾವು ನೆಲಮನೆಗೆ ಇಳಿಯುತ್ತೇವೆ. ನೆಲಮನೆಯೆಂದರೆ ಕಪ್ಪುನೆಲವನ್ನು ಆಳಕ್ಕೆ ತೋಡಿ, ಕಲ್ಲು ಹಾಸಿ, ಮೇಲೆ ಮಣ್ಣು ಮುಚ್ಚಿದ ವಾಸದ ಜಾಗ. ಮೇಲೆ ಬಿಸಿಲಿಗೆ ಹಕ್ಕಿ ಸತ್ತು ಬೀಳುವಾಗ ಕೆಳಗೆ ಗೋಡೆ ಬೆವರುತ್ತದೆ, ಹೊದಿಕೆ ಒದ್ದೆಯಾಗುತ್ತದೆ, ಹಸುಗೂಸುಗಳಿಗೆ ಆ ತಣುವೇ ಮೃತ್ಯು. ಬಿಸಿಲಿನಿಂದ ವಿದ್ಯುತ್ ಕೊಡುವ ಹಲಗೆಗಳು ಆ ತಿಂಗಳ ಧೂಳಿನಲ್ಲಿ ಕುರುಡಾಗುವುದರಿಂದ ದೀಪವೂ ಇಲ್ಲ, ಬಿಸಿಯೂ ಇಲ್ಲ. ದೊಡ್ಡವರು ಹೇಗೋ ಕಳೆಯುತ್ತೇವೆ. ಮಾಘದಲ್ಲೇ ತಟ್ಟಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹುರಿದ ಹಿಟ್ಟು ತಿಂದುಕೊಂಡು ಕತ್ತಲಲ್ಲಿ ಒಬ್ಬರ ಕಥೆಯನ್ನು ಇನ್ನೊಬ್ಬರು ತಿದ್ದುತ್ತ ಕೂರುತ್ತೇವೆ. ಆದರೆ ಬಾಣಂತಿಗೆ ಬೆಂಕಿ ಬೇಕು. ಕೂಸಿಗೆ ಬೆಂಕಿ ಬೇಕು. ಇದ್ದಿಲಿನ ಶೆಗಡಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ಏನಾಗುತ್ತದೆಂದು ನಿಮಗೂ ಗೊತ್ತಿರಬೇಕು. ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿಯೊಂದು ಏಳುತ್ತದೆ. ಮಲಗಿದವರು ಹಾಗೆಯೇ ಮಲಗಿರುತ್ತಾರೆ.

ಆ ಗಾಳಿಯನ್ನು ಪಳಗಿಸುವ ವಸ್ತುವನ್ನು ನಾವು ಜೇನುಗಲ್ಲು ಎನ್ನುತ್ತೇವೆ. ನೀವು ಅದನ್ನು ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಕರೆದು, ನಿಮ್ಮ ವಾಹನಗಳ ಹೊಟ್ಟೆಯ ಕೆಳಗೆ, ಯಾರೂ ನೋಡದ ಕಡೆ, ಒಂದು ಉಕ್ಕಿನ ಡಬ್ಬಿಯಲ್ಲಿ ಇಡುತ್ತಿದ್ದಿರಿ. ಜೇನುಹುಟ್ಟಿನಂತೆ ಸಾವಿರಾರು ಸಣ್ಣ ಕಂಡಿಗಳಿರುವ ಸುಟ್ಟ ಮಣ್ಣಿನ ತುಂಡು ಅದು. ಕಂಡಿಗಳ ಒಳಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಪರೂಪದ ಲೋಹಗಳ ತೆಳುಲೇಪ. ಇಂಜಿನ್ನಿನ ಹೊಗೆ ಅದರೊಳಗೆ ಹಾಯುವಾಗ ಕೊಲ್ಲುವ ಕಾರ್ಬನ್ ಮೊನಾಕ್ಸೈಡ್ ಇನ್ನಷ್ಟು ಆಮ್ಲಜನಕವನ್ನು ಕೂಡಿಕೊಂಡು ಕೊಲ್ಲದ ಅನಿಲವಾಗುತ್ತದೆ. ಅರೆಸುಟ್ಟ ಇಂಧನ ಪೂರ್ತಿ ಸುಟ್ಟು ನೀರಾವಿಯೂ ಅದೇ ಅನಿಲವೂ ಆಗುತ್ತದೆ. ಎದೆಯನ್ನು ಕೊರೆಯುವ ನೈಟ್ರೋಜನ್ ಆಕ್ಸೈಡ್‌ಗಳು ಬಿಡಿಸಿಕೊಂಡು ಬರಿಯ ನೈಟ್ರೋಜನ್ ಆಗಿ ಗಾಳಿಗೆ ಮರಳುತ್ತವೆ. ಲೋಹ ತಾನು ಸವೆಯಲು ಬಹಳ ಕಾಲ ಬೇಕು. ಮದುವೆ ಕೂಡಿಸಿ ಊಟಕ್ಕೂ ನಿಲ್ಲದೆ ಹೊರಡುವ ಹಿರಿಯನಂತೆ ಅದು. ಕಲ್ಲು ತಣ್ಣಗಿದ್ದರೆ ಮಾತ್ರ ಏನೂ ಮಾಡದು. ಹಾಗಾಗಿ ಕಲ್ಲಿರುವ ನೆಲಮನೆಗಳಲ್ಲಿ ಹೆಂಗಸರು ಅದನ್ನು ಹೊರಗೆ ಕೆಂಡದ ಮೇಲೆ ಕಾಯಿಸಿ, ಹಾಡು ಹೇಳಿ ‘ಎಬ್ಬಿಸಿ’, ಆಮೇಲೆಯೇ ಬಾಣಂತಿಯ ಒಲೆಯ ಕೊಳವೆಗೆ ಕೂರಿಸುತ್ತಾರೆ.

ಕೊಲ್ಲದ ಅನಿಲ ಎಂದೆ. ಆ ಮಾತನ್ನು ತಿದ್ದಬೇಕು. ಕಲ್ಲು ನಿಮ್ಮ ಬೀದಿಗಳನ್ನು ತೊಳೆಯಿತು, ನಿಮ್ಮ ಮಕ್ಕಳ ಎದೆಯನ್ನು ಕಾಪಾಡಿತು. ಅದು ಸುಳ್ಳಲ್ಲ. ಆದರೆ ಅದರಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್‌ಗೆ ಯಾರೂ ಕಲ್ಲು ಮಾಡಲಿಲ್ಲ. ನೀವು ಕೆಮ್ಮಿಗೆ ಮದ್ದು ಕೊಟ್ಟು, ಕೆಮ್ಮು ನಿಂತದ್ದೇ ಆರೋಗ್ಯವೆಂದು ಭಾವಿಸಿ, ಜ್ವರವನ್ನು ನಮಗೆ ಬಿಟ್ಟಿರಿ. ಮರುವೈಶಾಖ ಆ ಜ್ವರ.

ಮಣ್ಣಿನ ತುಂಡನ್ನು ನಮ್ಮ ಕುಂಬಾರರೇ ಸುಡಬಲ್ಲರು. ಲೋಹ ಮಾತ್ರ ನಿಮ್ಮಿಂದಲೇ ಬರಬೇಕು. ನಿಮ್ಮ ವಾಹನಗಳು ಓಡುವಾಗ ಕಲ್ಲಿನಿಂದ ಕಣ್ಣಿಗೆ ಕಾಣದ ಕಣಗಳು ಉದುರಿ ದಾರಿಯ ಬದಿಯ ಮಣ್ಣಿನಲ್ಲಿ ಸೇರಿವೆ. ಹಾಗಾಗಿ ಹಳೆಯ ಹೆದ್ದಾರಿಗಳುದ್ದಕ್ಕೂ ನಮ್ಮಂಥ ಜರಡಿಯವರು ನೆಲೆಸಿದ್ದಾರೆ. ಆ ಮಣ್ಣನ್ನು ಜಾಲಾಡಿ, ತೊಳೆದು, ಹುಳಿನೀರಿನಲ್ಲಿ, ಅಂದರೆ ಆಮ್ಲದಲ್ಲಿ, ಕರಗಿಸಿ ಲೋಹ ತೆಗೆಯುವುದು ನಮ್ಮ ಬದುಕು. ಹೆದ್ದಾರಿಯನ್ನು ಹಂಚಿಕೊಂಡಾಗ ನಮ್ಮ ಪಾಲಿಗೆ ಬೆಣ್ಣೆಹಳ್ಳದ ಈಚೆಯ ತುಂಡು ಬಂತು. ನಿಮ್ಮ ವಾಹನಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಲ್ಲುತ್ತಿದ್ದ ಜಾಗವಂತೆ ಅದು. ನಮ್ಮ ಅದೃಷ್ಟಕ್ಕೆ ಸುತ್ತಲಿನವರೆಲ್ಲ ಹೊಟ್ಟೆಕಿಚ್ಚುಪಟ್ಟರು. ಆದರೆ ಆಚೆ ದಂಡೆಯವರ ಮಣ್ಣು ಕಲ್ಲಿನ ಮೇಲೆ ಕಲ್ಲಿಗಾಗುವಷ್ಟು ಲೋಹ ಕೊಟ್ಟಿತು, ನಮ್ಮದು ಕೊಡಲಿಲ್ಲ. ಅಜ್ಜಿಯ ಕಾಲದ ಒಂದೇ ಒಂದು ಕಲ್ಲಿತ್ತು, ಅದೂ ಬಿರುಕುಬಿಟ್ಟು ಪುಡಿಯಾಯಿತು. ಮಣ್ಣು ತೊಳೆಯುವುದರಲ್ಲೇ ತಪ್ಪಿದ್ದೇವೆ ಎಂದುಕೊಂಡು ಮತ್ತೆ ಮತ್ತೆ ತೊಳೆದೆವು.

ಇಂದ್ರವ್ವನಿಗೆ ದಿನ ತುಂಬುವುದು ಮರುವೈಶಾಖದಲ್ಲಿ ಎಂದು ಗೊತ್ತಾದಾಗ ನಾವು ಮಣ್ಣು ಬಿಟ್ಟು ಹಳ್ಳದ ಹೂಳನ್ನು ಅಗೆಯತೊಡಗಿದೆವು. ನಿಮ್ಮ ಕಾಲದ ಕೊನೆಯ ದೊಡ್ಡ ನೆರೆಯಲ್ಲಿ ವಾಹನಗಳ ಒಂದು ಸಾಲೇ ಅಲ್ಲಿ ಹೂತುಹೋಗಿದೆ ಎಂದು ಕೇಳಿದ್ದೆವು. ಈ ಶಿವರಾತ್ರಿಯ ಹೊತ್ತಿಗೆ ಮೊದಲನೆಯದರ ಬೆನ್ನು ಕಂಡಿತು. ಇಂದ್ರವ್ವನ ಗಂಡ ಬಸಲಿಂಗ ಅದರ ಕೆಳಗೆ ತೆವಳಿಹೋಗಿ, “ಡಬ್ಬಿ ಐತಿ! ಡಬ್ಬಿ ಐತಿ!” ಎಂದು ಕೂಗಿದ. ಒಂದರ ಹಿಂದೆ ಇನ್ನೊಂದು, ಎಲ್ಲಕ್ಕೂ ಡಬ್ಬಿಯಿತ್ತು. ಹೆಂಗಸರು ಅಲ್ಲೇ ಸೋಬಾನೆ ಹೇಳಿದರು. ಇಂದ್ರವ್ವ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದಂಡೆಯ ಮೇಲೆ ಕೂತು ನಗುತ್ತಿದ್ದಳು.

ಮೊದಲ ಡಬ್ಬಿಯನ್ನು ಕೊಯ್ದಾಗ ಒಳಗೆ ಏನೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಬಸಲಿಂಗ ಮೂರನೆಯದನ್ನು ತಿರುಗಿಸಿ ನೋಡಿ, ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಹಳೆಯ ಬೆಸುಗೆಯ ಗೆರೆಯನ್ನು ತೋರಿಸಿದ. ಯಾರೋ ಡಬ್ಬಿಯನ್ನು ಸೀಳಿ, ಕಲ್ಲನ್ನು ಕೆಡವಿ ತೆಗೆದು, ಹೊರಗಿನಿಂದ ನೋಡಿದವರಿಗೆ ಗೊತ್ತಾಗದಂತೆ ಮತ್ತೆ ಮುಚ್ಚಿದ್ದರು. ಬೆಸುಗೆ ಅಚ್ಚುಕಟ್ಟಾಗಿತ್ತು. ನೂರು ವರ್ಷದ ಕೆಸರು ಅದನ್ನು ಬಿಡಿಸಲಾರದೆ ಹೋಗಿತ್ತು. ಸಾಲಿನಲ್ಲಿ ಒಂದೇ ಒಂದರಲ್ಲಿ ಕಲ್ಲು ಸಿಕ್ಕಿತು. ಕಲಬೆರಕೆ ಎಣ್ಣೆ ಕುಡಿದು ಕಾದು ಕರಗಿ, ಕಂಡಿಗಳೆಲ್ಲ ಮುಚ್ಚಿ, ಕಪ್ಪು ಬೆಲ್ಲದ ಅಚ್ಚಿನಂತಾಗಿತ್ತು ಅದು. ಅದನ್ನು ಅರೆದು ತೆಗೆದ ಲೋಹ ಒಂದು ಉಗುರಿಗೆ ಬಳಿಯಲೂ ಸಾಲಲಿಲ್ಲ. ನಮ್ಮ ಮಣ್ಣು ಏಕೆ ಬಂಜೆ ಎಂದು ಆಗ ತಿಳಿಯಿತು. ನಮ್ಮ ದಂಡೆಯಲ್ಲೇ ಓಡಾಡಿದ ಗಾಡಿಗಳು ಇವು. ಇಲ್ಲದ ಕಲ್ಲಿನಿಂದ ಉದುರುವುದೇನು?

ಹುಸೇನಬಿ ಒಂದು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. “ತೊಟ್ಲಾ ಮಾಡ್ಯಾರ ನೋಡು, ಒಳಗ ಕೂಸಿಲ್ಲ” ಅಂದಳು. ಆಮೇಲೆ ಇಂದ್ರವ್ವ ಕೂತಿದ್ದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

ನೀವು ಏಕೆ ಹೀಗೆ ಮಾಡಿದಿರಿ ಎಂದು ನಮ್ಮ ಹಿರಿಯರನ್ನೆಲ್ಲ ಕೇಳಿದ್ದೇನೆ. ಕೆಲವರು ಕಲ್ಲಿನೊಳಗಿನ ಲೋಹವನ್ನು ಮಾರಲು. ಕೆಲವರು ಒಂದು ತೊಟ್ಟು ಎಣ್ಣೆಯಲ್ಲಿ ಇನ್ನೊಂದು ಗೇಣು ದೂರ ಓಡುತ್ತದೆ ಎಂಬ ಆಸೆಗೆ. ಇನ್ನು ಕೆಲವರು, ಇದನ್ನು ನಾನು ಬಹಳ ದಿನ ನಂಬಲಿಲ್ಲ, ಗಾಡಿಯ ಸದ್ದು ಗಡಸಾಗಿ ಕೇಳಲಿ ಎಂದು. ತಪಾಸಣೆಯವರು ಬಂದಾಗ ಡಬ್ಬಿ ಕಾಣಿಸಿದರೆ ಸಾಕಿತ್ತಂತೆ. ದುಷ್ಟರು ಮಾಡಿದ್ದರೆ ನನ್ನ ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ಆ ಗಾಡಿಗಳ ಹಿಂದಿನ ಸೀಟಿನಲ್ಲಿ ನಮಗೆ ಮಕ್ಕಳ ಚಪ್ಪಲಿಗಳು ಸಿಕ್ಕವು. ತಮ್ಮ ಮಗುವನ್ನು ಶಾಲೆಗೆ ಬಿಡಲು ಹೋಗುತ್ತ, ಮುಂದಿನ ಗಾಡಿಯ ಹೊಗೆಗೆ ಮೂಗು ಮುಚ್ಚಿಕೊಳ್ಳುತ್ತ, ತಮ್ಮ ಹೊಗೆಯನ್ನು ಹಿಂದಿನವರಿಗೆ ಬಿಟ್ಟವರು ನೀವು. ಆ ಸಾಲಿನ ಕೊನೆಯಲ್ಲಿ ನಿಂತವರು ನಾವು.

ನಿಮ್ಮ ಕವಿತೆಗಳನ್ನು ಓದಿದ್ದೇನೆ. ಗಾಳಿಗೆ ಎಷ್ಟೊಂದು ಹೆಸರು ಇಟ್ಟಿದ್ದೀರಿ! ಎಲರು, ತೆಂಕಣ ಗಾಳಿ, ತಂಗಾಳಿ. ಅವುಗಳನ್ನು ನೆಲಮನೆಯ ಕತ್ತಲಲ್ಲಿ ನಾನು ಈಗಲೂ ಬಾಯಿಪಾಠ ಹೇಳುತ್ತೇನೆ. ಗಾಳಿಯನ್ನು ಇಷ್ಟು ಪ್ರೀತಿಸಿದವರು ಅದಕ್ಕಾಗಿ ಒಂದು ಡಬ್ಬಿಯನ್ನು ಮುಟ್ಟದೆ ಇರಲಾರದೆ ಹೋದರು ಎಂಬುದು ನನಗೆ ಯಾವ ಕವಿತೆಯಿಂದಲೂ ಅರ್ಥವಾಗಿಲ್ಲ.

ಆಚೆ ದಂಡೆಯವರು ಇಂದ್ರವ್ವನನ್ನು ಸೇರಿಸಿಕೊಳ್ಳಲು ಒಪ್ಪಿದರು. ಅವರು ಕೆಟ್ಟವರಲ್ಲ. ಆದರೆ ಒಂದು ಕಲ್ಲು ಇಂತಿಷ್ಟೇ ಜನರ ಹೊಗೆಯನ್ನು ತೊಳೆಯಬಲ್ಲುದು, ಅದಕ್ಕೇ ಪದ್ಧತಿ ಗಟ್ಟಿ. ಯಾರ ಕಲ್ಲಿನ ಕೆಳಗೆ ಹುಟ್ಟಿತೋ ಅವರ ಕೂಸು. ತಾಯಿತಂದೆ ಅಲ್ಲೇ ಉಳಿಯಬೇಕು, ತವರಿಗೆ ಬರುವಂತಿಲ್ಲ, ಹೇಳಿಕಳಿಸುವಂತಿಲ್ಲ. ಹೇಳಿಕಳಿಸಿದರೆ ಹಿಂದೆಯೇ ನೆಂಟರೆಲ್ಲ ಹೊರಟು ಬರುತ್ತಾರೆ ಎಂಬ ಭಯ. ಬೆಂಕಿಯಿಲ್ಲದೆಯೇ ಬಾಣಂತನ ಮಾಡುತ್ತೇನೆ, ನನ್ನ ಮೈಯ ಬಿಸಿಯನ್ನೇ ಕೂಸಿಗೆ ಕೊಡುತ್ತೇನೆ ಎಂದು ನಾನು ಬೇಡಿಕೊಂಡೆ. ಇಂದ್ರವ್ವ ನನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು. “ಅಕ್ಕಾ, ನಿನ್ನ ಕೈಕಾಲ ಯಾವಾಗ ನೋಡಿದ್ರೂ ತಣ್ಣಗ ಇರತಾವ. ನೀ ಏನ್ ಬಿಸಿ ಕೊಡ್ತೀ? ಕೂಸು ಎಲ್ಲಿದ್ರೇನು, ಇರಲಿ ಅಷ್ಟ” ಅಂದಳು. ಬಸಲಿಂಗ ನನ್ನ ಕಾಲು ಮುಟ್ಟಿದ. ಬಿಸಿಲು ಏರುವ ಮೊದಲೇ ಇಬ್ಬರೂ ಹಳ್ಳ ದಾಟಿದರು.

ಈಗ ನಮ್ಮ ನೆಲಮನೆಯಲ್ಲಿ ಬಸುರಿಯಾಗಬಲ್ಲ ವಯಸ್ಸಿನ ಹೆಂಗಸು ಒಬ್ಬಳೂ ಇಲ್ಲ.

ನಿಮ್ಮಲ್ಲಿ ಕೇಳುವುದು ದೊಡ್ಡದೇನೂ ಅಲ್ಲ. ಜ್ವರದ ಬಗ್ಗೆ ಕೇಳುತ್ತಿಲ್ಲ. ಅದನ್ನು ನಿಮಗೆ ಹೇಳಿದವರು ಆಗಲೇ ಬಹಳ ಜನರಿದ್ದರು, ನೀವು ಕೇಳಲಿಲ್ಲ. ಒಂದು ಸಲ ಬಗ್ಗಿ ನಿಮ್ಮ ಗಾಡಿಯ ಕೆಳಗೆ ನೋಡಿ. ಡಬ್ಬಿಯ ಮೈಮೇಲೆ ಬೆಸುಗೆಯ ಗೆರೆ ಇದೆಯೇ ಎಂದು ಕೈಯಾಡಿಸಿ. ಗ್ಯಾರೇಜಿನವನು ನಗುತ್ತ, ಇದನ್ನು ತೆಗೆದರೆ ಗಾಡಿ ಹಗುರಾಗುತ್ತದೆ ಅಂದರೆ ಬೇಡ ಅನ್ನಿ. ಬೇಡ ಅಂದದ್ದರಿಂದ ಆಗುವ ಲಾಭ ನಿಮ್ಮ ಕಣ್ಣಿಗೆ ಬೀಳದು. ಬೀಳುವುದು ಬೇಕಾಗಿಯೂ ಇಲ್ಲ.

ನಾಳೆ ನಾವು ಬಾಗಿಲು ಮುಚ್ಚುತ್ತೇವೆ. ನಾವು ಕತ್ತಲೊಳಗೆ ಕೂತಿರುವಾಗ, ಹಳ್ಳದ ಆಚೆ ಯಾವುದೋ ಒಂದು ದಿನ ಒಂದು ಕೂಸು ಅತ್ತಿರುತ್ತದೆ. ಹೆಣ್ಣೋ ಗಂಡೋ, ಏನೆಂದು ಕರೆಯುತ್ತಾರೋ ನನಗೆ ತಿಳಿಯುವುದಿಲ್ಲ.

ಇಂತಿ,
ದೊಡ್ಡವ್ವ ಎನ್ನಿಸಿಕೊಳ್ಳದ
ಗಂಗಾಂಬಿಕೆ