ಬಾಗಿಲಿನ ಬೇವು

ಅಕ್ಕಾ,

ನಿನ್ನ ಮಗಳು ಆದೆಮ್ಮ ಉಸಿರಾಡುತ್ತಿದ್ದಾಳೆ, ಅದನ್ನು ಮೊದಲು ಹೇಳುತ್ತೇನೆ. ಕಾಲುವೆ ಕ್ಯಾಂಪಿನಲ್ಲಿ ನಿಮ್ಮಿಬ್ಬರಿಗೂ ಜ್ವರ ಬಂದುಹೋದಾಗಿನಿಂದ, ನಿನಗೆ ಏಳುತ್ತಿದ್ದಂತೆಯೇ, ಪ್ರತಿ ಸಲ ಮುಟ್ಟಿಗೆ ಮುಂಚೆ ಅವಳಿಗೂ ಮೈತುಂಬ ದದ್ದು ಏಳುತ್ತದೆ. ಇವತ್ತು ತುಟಿ, ಗಂಟಲು ಬಾತವು. ಅವ್ವ ಬಾಗಿಲಿಗೆ ಬೇವು ಕಟ್ಟಿದಳು.

"ಅಮ್ಮ ಬಂದಾಳ. ಸೂಜಿ ಚುಚ್ಚಿಸಬ್ಯಾಡ್ರಿ."

"ತಿಂಗಳಾ ತಿಂಗಳಾ ಬರಾಕ ಆಕಿಗೆ ಇದೇನು ತವರುಮನಿ ಏನಬೇ?" ಎಂದು ಹುಡುಗಿಯನ್ನು ಲಾರಿ ಹತ್ತಿಸಿ ಸಿಂಧನೂರಿಗೆ ಒಯ್ದೆ. ಸೂಜಿ ಕೊಟ್ಟ ಮೇಲೆ ಉಸಿರು ಸಡಿಲವಾಯಿತು.

"ಇದು ಅಮ್ಮ ಅಲ್ಲ. ಮುಟ್ಟು ತರೋ ಹಾರ್ಮೋನೇ ಈಕಿ ಮೈಗೆ ಆಗಿಬರವಲ್ದು. ಆ ಜ್ವರದಿಂದ ಇರಬೇಕು," ಎಂದರು ಡಾಕ್ಟರು.

ಮನೆಗೆ ಬಂದಾಗ ಅವ್ವ ಬೇವನ್ನು ಬಿಚ್ಚಿದಳು. ನಿನ್ನನ್ನು ಮಣ್ಣಿಗೆ ಒಯ್ದ ದಿನ, ನಿನಗೆಂದು ಕಟ್ಟಿದ್ದ ಬೇವು ಬಾಗಿಲಲ್ಲಿ ಇನ್ನೂ ಹಸಿರಾಗಿತ್ತು.